ಅರಳಿಕಟ್ಟೆಯ ಪಕ್ಕದ ಚರಂಡಿ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ಮನೆಗೆ ಬಂದು, ‘ಮೇಡಂ, ರಸ್ತೆ ಯೋಜನೆಗೆ ಪರಿಸರದ ಅಧ್ಯಯನ ಮಾಡೋದು ಅಂದ್ರೆ ಏನು, ಒಂದು ಮಾತಲ್ಲಿ ಹೇಳಿ’ ಎಂದು ಕೇಳುತ್ತಾರೆ. ಒಂದು ಮಾತಿನಲ್ಲಿ ಹೇಳಬೇಕಾದರೆ, ಮುಂಚಿತವಾಗಿ ಹೆದರುವುದು. ರಸ್ತೆ ಇನ್ನೂ ನಕ್ಷೆಯಲ್ಲಿರುವಾಗಲೇ, ಅದು ಆದ ಮೇಲೆ ಯಾರ ಮನೆಗೆ ನೀರು ನುಗ್ಗೀತು, ಯಾವ ಶಾಲೆಯ ಮಕ್ಕಳಿಗೆ ದೂಳಿನಿಂದ ಕೆಮ್ಮು ಹಿಡಿದೀತು, ಯಾವ ಮರ ಉರುಳೀತು ಎಂದು ಕೂತು ಯೋಚಿಸಿ, ಆ ಹೆದರಿಕೆಯನ್ನೆಲ್ಲ ಅಚ್ಚುಕಟ್ಟಾಗಿ ಬರೆದು ಇಂಜಿನಿಯರುಗಳ ಮುಂದಿಡುವುದು. ಅವರು ಹೆದರುವವರಲ್ಲ. ಹೆದರುತ್ತ ಕೂತರೆ ರಸ್ತೆ ಆಗುವುದಿಲ್ಲ. ಆದ್ದರಿಂದ ಅವರ ಪಾಲಿನದನ್ನೂ ನಾವೇ ಹೆದರಬೇಕಾಗುತ್ತದೆ.

ನಾನಂತೂ ಈ ಕೆಲಸಕ್ಕೆ ಹೇಳಿ ಮಾಡಿಸಿದವಳು. ಹುಟ್ಟಾ ಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಹನುಮಂತನಗರದ ಮನೆಗೆ ಏದುಸಿರು ಬಿಡುತ್ತ ವಾಪಸು ಬಂದು ನೋಡುವವಳು. ನಮ್ಮ ಯಜಮಾನರು, ‘ಮನೇಲಿ ಬಿಟ್ಟಿ ಹೆದರ್ತಿದ್ದೆ, ಈಗ ಸಂಬಳಕ್ಕೆ ಹೆದರ್ತೀಯ, ಒಳ್ಳೇದೇ ಆಯ್ತು ಬಿಡು’ ಎಂದು ರೇಗಿಸುತ್ತಿದ್ದರು. ಅವರು ನಗುವುದರಲ್ಲಿ ತಪ್ಪೇನಿರಲಿಲ್ಲ. ನಾನು ಹೆದರಿದ್ದರಲ್ಲಿ ಮುಕ್ಕಾಲು ಪಾಲು ಆಗದೇ ಹೋದದ್ದೇ.

ನಾನಿದ್ದದ್ದು ಪಾಲಿಕೆಯಲ್ಲಲ್ಲ. ರಸ್ತೆಗಳ ಬಗ್ಗೆ ವರದಿ ಮಾಡಿಕೊಡುವ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ. ಜಯನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿ ನಮ್ಮ ಆಫೀಸು. ಮಧ್ಯಾಹ್ನ ಪಫ್ ಬೇಯುವ ವಾಸನೆ ಬಂದರೆ ಯಾರ ವರದಿಯೂ ಮುಂದೆ ಹೋಗುತ್ತಿರಲಿಲ್ಲ. ಮುಖ್ಯಸ್ಥರು ಮೂರ್ತಿ ಸಾರ್. ಒಳ್ಳೆಯ ಮನುಷ್ಯ, ಬುದ್ಧಿವಂತರು, ಆದರೆ ‘ಅಡ್ಜಸ್ಟ್ ಮಾಡ್ಕೊಳಮ್ಮ’ ಎನ್ನುವುದು ಅವರ ಬಾಯಲ್ಲಿ ಉಸಿರಿನಷ್ಟೇ ಸಲೀಸಾಗಿ ಬರುತ್ತಿತ್ತು.

ಊರೊಳಗಿನ ರಸ್ತೆ ಅಗಲ ಮಾಡಲು ಹೆದ್ದಾರಿಗೆ ಬೇಕಾದಂಥ ದೊಡ್ಡ ಅನುಮತಿಗಳು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೂ ಹಣ ಹಾಕುವವರು ಅಧ್ಯಯನ ಕೇಳುತ್ತಾರೆ, ಮರ ಕಡಿಯಬೇಕಾದರೆ ಮರ ಅಧಿಕಾರಿಯ ಅಪ್ಪಣೆ ಬೇಕು, ಮಳೆನೀರು ಹರಿಯುವ ರಾಜಕಾಲುವೆಯ ಹತ್ತಿರ ಹೋದರೆ ಅದರದೇ ಕಟ್ಟುಪಾಡು. ಮೊದಲ ಕೆಲಸ ರಸ್ತೆಯ ಉದ್ದಕ್ಕೂ ನಡೆಯುವುದು. ಕಾರಿನಲ್ಲಿ ಕೂತು ನೋಡುವುದಲ್ಲ, ನಡೆಯುವುದು. ಆಮೇಲೆ ಈಗ ಇರುವ ಸ್ಥಿತಿಯನ್ನು ಅಳೆಯುವುದು: ಗಾಳಿ, ಶಬ್ದ, ನೀರು ಹರಿಯುವ ದಿಕ್ಕು, ಮರ. ಆಮೇಲೆ ಅಲ್ಲಿಯ ಜನರನ್ನು ಕೂರಿಸಿಕೊಂಡು ಮಾತಾಡುವುದು. ಏನು ಹಾಳಾದೀತು, ಆಗದ ಹಾಗೆ ಏನು ಮಾಡಬೇಕು ಎಂದು ಬರೆಯುವುದು. ಕೊನೆಗೆ, ಕೆಲಸ ನಡೆಯುವಾಗ ಬರೆದಂತೆ ಮಾಡುತ್ತಿದ್ದಾರೋ ಎಂದು ಹೋಗಿ ನೋಡುವುದು. ಈ ಕೊನೆಯದನ್ನು ಮಾಡುವ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ.

ಅಳೆಯುವುದರಲ್ಲಿ ಆಗುವ ಎಡವಟ್ಟುಗಳಿಗೆ ಲೆಕ್ಕವಿಲ್ಲ. ಒಮ್ಮೆ ಜೆ.ಪಿ. ನಗರದಲ್ಲಿ ನಮ್ಮವರು ಶಬ್ದ ಅಳೆಯುವ ಯಂತ್ರವನ್ನು ಗಣೇಶನ ಪೆಂಡಾಲಿನ ಪಕ್ಕ ಇಟ್ಟು, ಪ್ರಸಾದ ತಿಂದು ಬಂದಿದ್ದರು. ಆರ್ಕೆಸ್ಟ್ರಾದ ಗಲಾಟೆಯೆಲ್ಲ ‘ಈಗ ಇರುವ ಸ್ಥಿತಿ’ಯಾಗಿ ದಾಖಲಾಯಿತು. ಅದರ ಪ್ರಕಾರ, ರಸ್ತೆ ಅಗಲವಾಗಿ ಲಾರಿಗಳು ಓಡಾಡಲು ಶುರುವಾದರೆ ಆ ಬಡಾವಣೆ ಮೊದಲಿಗಿಂತ ಪ್ರಶಾಂತವಾಗಬೇಕಿತ್ತು. ಮೂರ್ತಿ ಸಾರ್ ಅದನ್ನೂ ಅಡ್ಜಸ್ಟ್ ಮಾಡಲು ಹೊರಟಿದ್ದರು. ನಾನು ಹಟ ಹಿಡಿದು ಮತ್ತೆ ಅಳೆಸಿದೆ.

ಇನ್ನೊಮ್ಮೆ ಬಿ.ಟಿ.ಎಂ. ಲೇಔಟಿನ ಸಭೆ. ನಾನು ದೂಳು, ಹೊಗೆ ಎಂದೆಲ್ಲ ಅರ್ಧ ಗಂಟೆ ಹೇಳಿ ಮುಗಿಸಿದ ಮೇಲೆ, ನೆಲಮಹಡಿಯಲ್ಲಿ ಬಾಡಿಗೆಗಿದ್ದ ಗದಗದ ಕಡೆಯ ಹೆಣ್ಣುಮಗಳೊಬ್ಬಳು ಎದ್ದು, ‘ಅದೆಲ್ಲಾ ಇರ್ಲಿ ಬಿಡ್ರೀ ಮೇಡಮ್ಮಾರ, ರಸ್ತಾ ಎತ್ತರ ಆಗ್ತೈತೇನ್ರಿ?’ ಎಂದು ಕೇಳಿದಳು. ಹಿಂದಿನ ಸಲ ಡಾಂಬರು ಹಾಕಿದಾಗ ರಸ್ತೆ ಅವಳ ಹೊಸ್ತಿಲಿಗಿಂತ ಮೇಲೆ ಹೋಗಿತ್ತಂತೆ. ಮಳೆ ಬಂದರೆ ಮಗುವನ್ನು ಮಂಚದ ಮೇಲೆ ಮಲಗಿಸಿ ತಾನು ಬಾಗಿಲಲ್ಲಿ ಮರಳಿನ ಚೀಲ ಹಿಡಿದು ಕೂರುತ್ತಿದ್ದಳಂತೆ. ನಕ್ಷೆ ತೆಗೆದು ನೋಡಿದರೆ ಹೊಸ ರಸ್ತೆ ಇನ್ನೂ ಎತ್ತರ. ಹಳೆಯ ಪದರವನ್ನು ಕೆತ್ತಿ ತೆಗೆದೇ ಹೊಸದು ಹಾಕಬೇಕೆಂದು ಬರೆಸುವಷ್ಟರಲ್ಲಿ ಸಾಕುಬೇಕಾಯಿತು. ಆಮೇಲೆ ಮಳೆ ಬಂದಾಗಲೆಲ್ಲ ನನಗೆ ಆ ಮಂಚ ನೆನಪಾಗುತ್ತಿತ್ತು.

ಆದರೆ ನಾನು ಬರೆಯಬೇಕೆಂದು ಕೂತದ್ದು ಇವುಗಳ ಬಗ್ಗೆಯಲ್ಲ. ಕತ್ರಿಗುಪ್ಪೆಯ ಕಡೆಯ ಒಂದು ಅರಳಿಮರದ ಬಗ್ಗೆ ಮತ್ತು ಅದರ ಕೆಳಗೆ ಕೂರುತ್ತಿದ್ದ ಮುನಿಯಮ್ಮನ ಬಗ್ಗೆ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚಿನ ಮಾತು. ಅಲ್ಲೊಂದು ರಸ್ತೆ ಅಗಲ ಮಾಡಿ, ಪಕ್ಕಕ್ಕೆ ಹೊಸ ಚರಂಡಿ ಕಟ್ಟುವ ಯೋಜನೆ. ವರದಿ ಒಪ್ಪಿಗೆಯಾಗಿ, ಕೆಲಸ ಶುರುವಾಗಿ, ನೋಡಿ ಬರಲು ನಾನು ಹೋಗಿದ್ದೆ. ಬಸ್ ಸ್ಟಾಪಿನ ಹತ್ತಿರ ಒಂದು ಹಳೆಯ ಅರಳಿಕಟ್ಟೆ. ಅದರ ಅರ್ಧ ಭಾಗ ಮಾಯವಾಗಿತ್ತು. ಕಟ್ಟೆಯ ಮೇಲಿದ್ದ ನಾಗರಕಲ್ಲುಗಳನ್ನು ಪೂಜೆ ಮಾಡಿಸಿ ಹತ್ತಿರದ ದೇವಸ್ಥಾನಕ್ಕೆ ಸಾಗಿಸಿದ್ದರು. ರಸ್ತೆಯ ಕಡೆಗೆ ಮರದ ಬುಡಕ್ಕೆ ಅಂಟಿಕೊಂಡಂತೆ ಚರಂಡಿಗೆಂದು ತೋಡಿದ ಆಳವಾದ ಕಾಲುವೆ, ಅದರ ಗೋಡೆಯಲ್ಲಿ ತೊಡೆಗಾತ್ರದ ಬೇರುಗಳು ಜೆಸಿಬಿಯ ಏಟಿಗೆ ತುಂಡಾಗಿ ಹಾಲು ಸುರಿಸುತ್ತಿದ್ದವು. ಅಷ್ಟು ದೊಡ್ಡ ಮರ, ಒಂದು ಕಡೆ ಹಿಡಿತವೇ ಇಲ್ಲದೆ ನಿಂತಿತ್ತು.

ಉಳಿದ ಅರ್ಧ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಕನಕಾಂಬರ ಕಟ್ಟುತ್ತಿದ್ದಳು. ಅವಳೇ ಮುನಿಯಮ್ಮ. ಬೇಗೂರಿನವಳು. ದಿನಾ ಮಾರ್ಕೆಟ್ಟಿನಿಂದ ಹೂವು ತಂದು ಅಲ್ಲೇ ಕಟ್ಟಿ ಅಲ್ಲೇ ಮಾರುವವಳು. ಅವಳ ಹಿಂದೆ ಮರದ ನೆರಳಿನಲ್ಲಿ ಬಸ್ಸಿಗೆ ಕಾಯುವವರು ನಿಂತಿದ್ದರು.

ಸೈಟಿನ ಸೂಪರ್‌ವೈಸರನ್ನು ಕರೆದು, ‘ಏನ್ರೀ ಇದು, ಬೇರನ್ನೆಲ್ಲ ಕತ್ತರಿಸಿಬಿಟ್ಟಿದೀರಲ್ಲ?’ ಎಂದೆ.

‘ಈ ಮರ ಲಿಸ್ಟಲ್ಲೇ ಇಲ್ಲ ಮೇಡಂ. ನಂಬರ್ ಇರೋ ಮರ ಆದ್ರೆ ಕೈಯಲ್ಲೇ ಅಗೀಬೇಕು ಅಂತ ಹೇಳಿದಾರೆ. ಇದಕ್ಕೆ ನಂಬರೇ ಇಲ್ವಲ್ಲ, ನಾನೇನ್ ಮಾಡ್ಲಿ?’

ಸುತ್ತು ಹಾಕಿ ನೋಡಿದೆ. ನಿಜವಾಗಿಯೂ ಇರಲಿಲ್ಲ. ಆ ರಸ್ತೆಯ ಪ್ರತಿ ಮರದ ಮೇಲೂ ನಮ್ಮವರು ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಅಲ್ಲೆಲ್ಲ ಅತಿ ದೊಡ್ಡದಾದ ಈ ಮರ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಫೀಸಿಗೆ ಬಂದು ಮರ ಎಣಿಸಿದ ಪ್ರಕಾಶನನ್ನು ಕೇಳಿದೆ. ಅವನು ಕಳ್ಳನೂ ಅಲ್ಲ, ಸೋಮಾರಿಯೂ ಅಲ್ಲ. ‘ಮೇಡಂ, ಅವತ್ತು ಶನಿವಾರ. ಹೆಂಗಸರೆಲ್ಲ ಪ್ರದಕ್ಷಿಣೆ ಹಾಕ್ತಿದ್ರು. ಮರಕ್ಕೆ ಅರಿಶಿನದ ದಾರ ಸುತ್ತಿದ್ರು. ಅದರ ಮೇಲೆ ಟೇಪ್ ಸುತ್ತಿ ಸುತ್ತಳತೆ ತಗೊಂಡು, ಪೇಂಟ್ ಬಳೀಲಾ? ದೇವರ ಮರ ಅಲ್ವಾ, ದೇವಸ್ಥಾನಗಳ ಲೆಕ್ಕದಲ್ಲಿ ಬರುತ್ತೆ ಅಂದ್ಕೊಂಡೆ’ ಎಂದ. ಗುಡಿ, ದರ್ಗಾ, ಕಟ್ಟೆಗಳನ್ನು ಬರೆದುಕೊಳ್ಳುವುದು ನಮ್ಮಲ್ಲಿ ಇನ್ನೊಂದು ತಂಡದ ಕೆಲಸ. ಅವರು ನಾಗರಕಲ್ಲುಗಳನ್ನು ಬರೆದುಕೊಂಡರು, ಸ್ಥಳಾಂತರಕ್ಕೆ ಪುರೋಹಿತರನ್ನೂ ಗೊತ್ತು ಮಾಡಿದರು. ಮರ ಹೇಗೂ ಪ್ರಕಾಶನ ಲೆಕ್ಕದಲ್ಲಿರುತ್ತದೆ ಎಂದುಕೊಂಡರು. ಹೀಗೆ ಇಬ್ಬರ ಭಕ್ತಿ ಮತ್ತು ಮರ್ಯಾದೆಯ ನಡುವೆ ಆ ಮರ ಲೆಕ್ಕದಿಂದ ಬಿಟ್ಟುಹೋಯಿತು. ಪ್ರಕಾಶನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಆ ದಾರದ ಮೇಲೆ ಟೇಪು ಸುತ್ತಲು ನನಗೂ ಮನಸ್ಸು ಬರುತ್ತಿರಲಿಲ್ಲ.

ಮೂರ್ತಿ ಸಾರ್ ಎಲ್ಲ ಕೇಳಿ, ಮೊದಲ ಸಲ ‘ಅಡ್ಜಸ್ಟ್’ ಎನ್ನಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಈಗ ಏನು ಮಾಡ್ಬೇಕು ಅಂತೀಯಮ್ಮ?’ ಎಂದರು.

‘ಕಡೀಬೇಕು ಸಾರ್.’

ಹೇಳಿದ ಮೇಲೆ ನನ್ನ ಮಾತು ಕೇಳಿ ನನಗೇ ಹೆದರಿಕೆಯಾಯಿತು. ಅಷ್ಟೂ ವರ್ಷ ನಾನು ಮರ ಉಳಿಸಿ ಉಳಿಸಿ ಎಂದೇ ಜಗಳವಾಡಿದವಳು. ಈಗ ಪೂಜೆ ಮಾಡುವ ಅರಳಿಮರ ಕಡಿಯಿರಿ ಎಂದು ಬರೆದುಕೊಡಬೇಕಾಗಿತ್ತು.

ಕಡಿಯುವುದು ಹೇಳಿದಷ್ಟು ಸುಲಭವಲ್ಲ. ಅರ್ಜಿ ಹಾಕಬೇಕು, ಮರಕ್ಕೆ ನೋಟಿಸು ಅಂಟಿಸಬೇಕು, ಜನರ ಆಕ್ಷೇಪಣೆ ಕೇಳಬೇಕು. ಇದೆಲ್ಲ ಒಳ್ಳೆಯ ನಿಯಮವೇ. ಮರ ಅಧಿಕಾರಿ ಬಂದು ನೋಡಿ, ನಿಯಮದಂತೆ ಸಭೆ ಕರೆದರು. ದೇವಸ್ಥಾನದ ಹಿಂದಿನ ಸಭಾಂಗಣದಲ್ಲಿ ಸಭೆ ಸೇರಿತು. ಬಡಾವಣೆಯ ಪರವಾಗಿ ಸರೋಜಮ್ಮ ಎದ್ದು ನಿಂತರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಧ್ಯಯನದ ಸಮಯದಲ್ಲಿ ನಡೆದ ಸಭೆಗೆ ಅವರನ್ನು ಮನೆಯಿಂದ ಕರೆದುಕೊಂಡು ಬಂದವಳೇ ನಾನು. ಹೆಂಗಸರೆಲ್ಲ ಸುಮ್ಮನೆ ಕೂತಿದ್ದಾಗ, ಮರಗಳಿಗಾಗಿ ಮಾತಾಡಿ ಎಂದು ಮೈಕು ಕೊಟ್ಟವಳೂ ನಾನೇ.

‘ಅವತ್ತು ನೀವೇ ಹೇಳಿದ್ರಿ ಮೇಡಂ, ಒಂದು ಮರಾನೂ ಬಿಟ್ಟುಕೊಡಬೇಡಿ ಅಂತ. ಈಗ ಕಂಟ್ರಾಕ್ಟರು ಬೇರು ಕಡಿದ, ಅದಕ್ಕೆ ಮರಾನೇ ಕಡೀಬೇಕು ಅಂತೀರಾ? ನಾಳೆ ಎಲ್ರೂ ಹೀಗೇ ಮಾಡ್ತಾರೆ. ಮೊದಲು ಬೇರು ಕಡಿಯೋದು, ಆಮೇಲೆ ಅಪಾಯ ಅನ್ನೋದು.’

ಅವರ ಮಾತು ಸತ್ಯವಾಗಿತ್ತು. ಅದೇ ಕಷ್ಟ. ನಾನು ಎದ್ದು, ಬೇರು ಹೋದ ಮರ ಎಲೆ ಹಸಿರಾಗಿಟ್ಟುಕೊಂಡೇ ಬೀಳುತ್ತದೆ, ಬೇಸಿಗೆ ಮಳೆಯ ಗಾಳಿಗೆ ಯಾವ ಸೂಚನೆಯೂ ಕೊಡದೆ ಬೀಳುತ್ತದೆ, ಕೆಳಗೆ ಜನ ಇರುತ್ತಾರೆ ಎಂದೆ. ಹಿಂದಿನಿಂದ ಯಾರೋ, ‘ಅಷ್ಟು ವರ್ಷದಿಂದ ನಿಂತಿರೋ ದೇವರು, ನಿಮ್ಮ ಮಾತಿಗೆ ಬೀಳ್ತಾನಾ?’ ಎಂದರು. ಎಲ್ಲರೂ ನಕ್ಕರು. ಮುನಿಯಮ್ಮನೂ ಬಾಗಿಲ ಹತ್ತಿರ ನಿಂತು ನಕ್ಕಳು.

ಕೊನೆಗೆ ಆದದ್ದು ರಾಜಿ. ಕಡಿಯುವುದು ಬೇಡ, ರಸ್ತೆಯ ಕಡೆ ಬಾಗಿದ ಕೊಂಬೆಗಳನ್ನು ತೆಗೆದು ಭಾರ ಇಳಿಸುವುದು. ಕೊಂಬೆ ತೆಗೆದರು. ಚರಂಡಿಯ ಗೋಡೆ ಎದ್ದಿತು, ಮೇಲೆ ಚಪ್ಪಡಿ ಮುಚ್ಚಿತು. ತುಂಡಾದ ಬೇರು ಯಾರಿಗೂ ಕಾಣದ ಹಾಗಾಯಿತು. ಕಣ್ಣಿಗೆ ಕಾಣದ್ದಕ್ಕೆ ಜನ ಹೆದರುವುದು ಕಡಿಮೆ. ನಾನು ಅದನ್ನು ಕಂಡಿದ್ದೆ.

ಮುನಿಯಮ್ಮನ ಹತ್ತಿರ ಹೋಗಿ, ‘ರಸ್ತೆಯ ಆ ಕಡೆ ಕೂತ್ಕೊಳ್ಳಿ, ನನಗೋಸ್ಕರ’ ಎಂದು ಬೇಡಿಕೊಂಡೆ. ಪಾಪ, ಒಂದು ವಾರ ಕೂತಳು. ಆಮೇಲೆ ಹೋದಾಗ ಮತ್ತೆ ಕಟ್ಟೆಯ ಮೇಲೆಯೇ ಇದ್ದಳು.

‘ಆ ಕಡೆ ಯಾರ್ ಬರ್ತಾರೆ ಮೇಡಂ? ಬಸ್ ನಿಲ್ಲೋದು ಈ ಕಡೆ. ಶನಿವಾರ ಮರ ಸುತ್ತೋರು ಬರೋದು ಈ ಕಡೆ. ಹೂವು ಸಂಜೆವರೆಗೂ ಹಂಗೇ ಬಾಡ್ತಾ ಕೂತಿರುತ್ತೆ. ಮನೇಲಿ ಮಗಳು ಬಾಣಂತಿ. ನಾನೇನ್ ಮಾಡ್ಲಿ ಹೇಳಿ.’

‘ಗಾಳಿ ಬಂದಾಗಾದ್ರೂ ಎದ್ದು ಹೋಗ್ತೀರಾ?’

‘ಗಾಳಿ ಬಂದ್ರೆ ನೋಡ್ಕೊಳ್ತೀನಿ ಬಿಡಿ.’

ಅವಳ ಮೊಬೈಲ್ ನಂಬರು ತೆಗೆದುಕೊಂಡೆ. ನಾನು ನಿವೃತ್ತಳಾದೆ. ಆ ರಸ್ತೆಯ ಉಸ್ತುವಾರಿ ಇನ್ನೊಬ್ಬರಿಗೆ ಹೋಗಿ, ಕೆಲಸ ಮುಗಿದು, ಉದ್ಘಾಟನೆಯೂ ಆಯಿತು. ಪೆನ್ಶನ್ ಇಲ್ಲದ ಕೆಲಸ ನಮ್ಮದು, ಆದರೆ ಹೆದರಿಕೆ ಮಾತ್ರ ನಿವೃತ್ತಿಯ ಮೇಲೂ ತಪ್ಪದೆ ಬರುತ್ತಿತ್ತು. ಏಪ್ರಿಲ್ ಮೇ ತಿಂಗಳ ಸಂಜೆ ಆಕಾಶ ಕಪ್ಪಾಗಿ, ಹನುಮಂತನಗರದ ಗುಡ್ಡದ ಕಡೆಯಿಂದ ದೂಳು ಎದ್ದರೆ ಸಾಕು, ಮಹಡಿಯ ಮೇಲಿನ ಬಟ್ಟೆ ತೆಗೆಯುವುದು ಬಿಟ್ಟು ಫೋನು ಹಿಡಿಯುತ್ತಿದ್ದೆ.

‘ಮುನಿಯಮ್ಮ, ಎದ್ರಾ?’

‘ಇನ್ನೂ ಮಳೆನೇ ಇಲ್ಲ ಮೇಡಂ.’

‘ಮಳೆ ಅಲ್ಲ, ಗಾಳಿ. ಎದ್ದೇಳಿ.’

ಮೊದಲ ವರ್ಷ ಅವಳಿಗೆ ರೇಗುತ್ತಿತ್ತು. ಕೆಲವು ಸಲ ಬೇಕೆಂದೇ ಫೋನ್ ಎತ್ತುತ್ತಿರಲಿಲ್ಲ. ಅಂಥ ದಿನ ನಾನು ಆಟೋ ಹಿಡಿದು ಅಲ್ಲಿಗೇ ಹೋಗಿದ್ದುಂಟು. ಹೋಗಿ ನೋಡಿದರೆ ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ಮರಕ್ಕೆ ಬೆನ್ನು ಕೊಟ್ಟು ಆರಾಮಾಗಿ ಕೂತಿರುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ‘ನಿಮಗೆ ಜೀವದ ಮೇಲೆ ಆಸೆ ಇಲ್ವಾ?’ ಎಂದು ಕೂಗಾಡಿದ್ದೆ. ಬಸ್ ಸ್ಟಾಪಿನವರು ನನ್ನನ್ನು ತಲೆ ಕೆಟ್ಟವಳೆಂದು ನೋಡಿದರು. ಮನೆಯಲ್ಲಿ ಯಜಮಾನರು ಈಗ ರೇಗಿಸುತ್ತಿರಲಿಲ್ಲ. ‘ಡಾಕ್ಟರಿಗೆ ತೋರಿಸೋಣ ಕಣೆ’ ಎನ್ನಲು ಶುರುಮಾಡಿದ್ದರು.

ಮರ ಬೀಳಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು. ಚಿಗುರಿತು, ಹಕ್ಕಿಗಳು ಬಂದವು. ಕಡಿದ ಕೊಂಬೆಗಳ ಜಾಗದಲ್ಲಿ ಹೊಸ ಕೊಂಬೆ ಬಂದು ಭಾರ ಮೊದಲಿನಂತೆಯೇ ಆಯಿತು. ಸರೋಜಮ್ಮ ಎದುರು ಸಿಕ್ಕಾಗ, ‘ನೋಡಿ, ಹೇಗಿದೆ ನಿಮ್ಮ ಮರ’ ಎಂದು ನಗುತ್ತಿದ್ದರು. ನಾನು ತಪ್ಪು ತಿಳಿದಿದ್ದೆನೇನೋ ಎಂದು ನನಗೇ ಅನುಮಾನ ಬಂತು. ಹಾಗಾಗಲಿ ಎಂದು ದೇವರಿಗೆ ಹರಕೆಯನ್ನೂ ಹೊತ್ತೆ.

ವಿಚಿತ್ರವೆಂದರೆ, ನನ್ನ ಹೆದರಿಕೆ ಕಡಿಮೆಯಾಗುವ ಹೊತ್ತಿಗೆ ಅದು ಮುನಿಯಮ್ಮನಿಗೆ ಅಂಟಿತ್ತು. ಒಂದು ಸಂಜೆ ನಾನು ಫೋನ್ ಮಾಡುವ ಮೊದಲೇ ಅವಳೇ ಮಾಡಿ, ‘ಎದ್ದಿದೀನಿ ಮೇಡಂ, ಆ ಕಡೆ ಅಂಗಡಿ ಹತ್ರ ನಿಂತಿದೀನಿ, ನೀವು ಟೆನ್ಷನ್ ಮಾಡ್ಕೋಬೇಡಿ’ ಎಂದಳು. ಬರಬರುತ್ತ ಅವಳು ಒಬ್ಬಳೇ ಏಳುತ್ತಿರಲಿಲ್ಲ. ಬಸ್ಸಿಗೆ ಕಾಯುವವರನ್ನೂ ಎಬ್ಬಿಸುತ್ತಿದ್ದಳು. ‘ಅಣ್ಣ, ಗಾಳಿ ಎದ್ದೈತೆ, ಈ ಕಡೆ ಬನ್ನಿ. ಅಕ್ಕ, ಮಗೂನ ಎತ್ಕೊಳ್ಳಿ’ ಎಂದು ಅವಳು ಕೂಗುವುದು ಫೋನಿನಲ್ಲಿ ನನಗೆ ಕೇಳಿಸುತ್ತಿತ್ತು. ಕೆಲವರು ಗೊಣಗಿಕೊಂಡೇ ಸರಿಯುತ್ತಿದ್ದರು. ಹೂವಿನವಳ ಬಾಯಿಗೆ ಹೆದರಿ ಉಳಿದವರೂ ಹಿಂದೆ ಹೋಗುತ್ತಿದ್ದರು.

ಕಳೆದ ಬೇಸಿಗೆಯ ಒಂದು ಸಂಜೆ ಗಾಳಿ ಜೋರಾಗಿ ಬಂತು. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ. ರಿಂಗ್ ಆಗುತ್ತಿತ್ತು, ಎತ್ತುವವರಿಲ್ಲ. ಕರೆಂಟು ಹೋಯಿತು. ಹೊರಗೆ ಯಾರ ಮನೆಯದೋ ತಗಡು ಹಾರಿ ಬಿದ್ದ ಸದ್ದಾಯಿತು. ಆಟೋ ಯಾವುದೂ ಬರಲು ಒಪ್ಪಲಿಲ್ಲ. ನಾನು ಗೇಟಿನ ಹತ್ತಿರ ನೆನೆಯುತ್ತ ನಿಂತು ಮತ್ತೆ ಮತ್ತೆ ಅದೇ ನಂಬರನ್ನು ಒತ್ತುತ್ತಿದ್ದೆ. ಯಜಮಾನರು ಕೊಡೆ ಹಿಡಿದು ಪಕ್ಕದಲ್ಲಿ ನಿಂತರು.

ಎಷ್ಟೋ ಹೊತ್ತಿನ ಮೇಲೆ ಅವಳೇ ಮಾಡಿದಳು.

‘ಮೇಡಂ, ಮಲಗಿಬಿಡ್ತು.’

‘ಯಾರಾದ್ರೂ... ಕೆಳಗಡೆ...’

‘ಯಾರೂ ಇಲ್ಲ. ಎಲ್ರನ್ನೂ ಓಡಿಸಿದ್ದೆ. ಒಬ್ಬ ಹುಡ್ಗಿ ಕಿವೀಗೆ ಅದೇನೋ ಹಾಕ್ಕೊಂಡು ಕೇಳಿಸ್ಕೊಳ್ತಾನೇ ಇರ್ಲಿಲ್ಲ, ಜಡೆ ಹಿಡಿದು ಎಳ್ಕೊಂಡು ಬಂದೆ. ನನ್ನ ಬುಟ್ಟಿ ಹೋಯ್ತು ಅಷ್ಟೆ. ಸದ್ದು ಹೆಂಗಿತ್ತು ಅಂದ್ರೆ ಮೇಡಂ, ನಂಗೆ ಇನ್ನೂ ನಡುಗ್ತಾ ಐತೆ.’

ನಾನು ಗೇಟಿಗೆ ಒರಗಿಕೊಂಡು ಜೋರಾಗಿ ಅತ್ತೆ. ನಾನು ಹೇಳಿದ್ದು ನಿಜವಾಯಿತು ಎಂಬ ಸಂತೋಷ ಒಂದಿಷ್ಟೂ ಇರಲಿಲ್ಲ. ಇನ್ನು ಮೇಲೆ ಗಾಳಿಗೆ ಹೆದರಬೇಕಾಗಿಲ್ಲ ಎಂಬ ನಿರಾಳ ಮಾತ್ರ ಇತ್ತು. ಆ ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಮಾರನೆಯ ದಿನ ನೋಡಲು ಹೋದೆ. ಮರವನ್ನು ಆಗಲೇ ತುಂಡು ಮಾಡಿ ಲಾರಿಗೆ ತುಂಬುತ್ತಿದ್ದರು. ಬುಡ ಮಗುಚಿಕೊಂಡು ಬಿದ್ದಿತ್ತು. ಒಂದು ಕಡೆ ಬೇರುಗಳು ಮಣ್ಣು ಹಿಡಿದುಕೊಂಡೇ ಮೇಲೆದ್ದಿದ್ದವು, ಚರಂಡಿಯ ಕಡೆ ಏನೂ ಇರಲಿಲ್ಲ, ಕಪ್ಪಗೆ ಕೊಳೆತ ಮೋಟುಗಳಷ್ಟೇ. ಸರೋಜಮ್ಮ ಬಂದು ನಿಂತಿದ್ದರು. ಅವರು ನನ್ನ ಕೈ ಹಿಡಿದುಕೊಂಡರು.

ಮುನಿಯಮ್ಮ ಎಲ್ಲಿ ಎಂದು ನೋಡಿದೆ. ಹತ್ತು ಹೆಜ್ಜೆ ಆಚೆ, ಇನ್ನೊಂದು ಮರದ ಕೆಳಗೆ ಹೊಸ ಬುಟ್ಟಿ ಇಟ್ಟುಕೊಂಡು ಆಗಲೇ ಹೂವು ಕಟ್ಟುತ್ತಿದ್ದಳು. ದೊಡ್ಡದೊಂದು ಮಳೆಮರ. ಬಸ್ಸಿಗೆ ಕಾಯುವವರೂ ನೆರಳು ಹುಡುಕಿಕೊಂಡು ಅದರ ಕೆಳಗೇ ಬಂದು ನಿಂತಿದ್ದರು.

‘ಇಲ್ಲಿ ಯಾಕೆ ಕೂತ್ರಿ ಮುನಿಯಮ್ಮ?’ ಎಂದೆ.

‘ಇದಕ್ಕೇನೂ ಆಗಲ್ಲ ಮೇಡಂ’ ಎಂದು ಅವಳು ಹಿಂದೆ ತಿರುಗಿ ಮರವನ್ನು ತಟ್ಟಿದಳು. ‘ಇದಕ್ಕೆ ನಂಬರ್ ಐತೆ. ನೀವೇ ಬರೆಸಿದ್ದಲ್ವಾ?’

ಬಿಳಿ ಬಣ್ಣ ಮಾಸಿದ್ದರೂ ನಂಬರು ಕಾಣುತ್ತಿತ್ತು. ನಂಬರಿರುವ ಮರ ಸಿಕ್ಕಲ್ಲಿ ಕೈಯಲ್ಲೇ ಅಗೆದು, ಚರಂಡಿಯನ್ನು ಬೇರಿನಿಂದ ದೂರಕ್ಕೆ ಬಾಗಿಸಿ ಕಟ್ಟಬೇಕು ಎಂದು ವರದಿಯಲ್ಲಿ ಬರೆದವಳು ನಾನು. ಅಷ್ಟು ಸಲ ಆ ರಸ್ತೆಗೆ ಬಂದಿದ್ದೆ. ಬಂದಾಗಲೆಲ್ಲ ಆಟೋ ಇಳಿದು ಒಂದೇ ಒಂದು ಮರವನ್ನು ನೋಡಿ ಹೋಗುತ್ತಿದ್ದೆ. ಅವತ್ತು ಮೊದಲ ಸಲ ನೆಲ ನೋಡಿದೆ. ಚರಂಡಿಯ ಚಪ್ಪಡಿಗಳು ಮುನಿಯಮ್ಮನ ಮರದ ಬುಡವನ್ನು ಸವರಿಕೊಂಡು ಹೋಗಿದ್ದವು. ಅದರ ಮುಂದಿನ ಮರದ ಬುಡವನ್ನೂ, ಅದರಾಚೆಯದರ ಬುಡವನ್ನೂ. ರಸ್ತೆಯ ಕೊನೆಯವರೆಗೆ, ಎಲ್ಲಿಯೂ ಬಾಗದೆ, ದಾರ ಹಿಡಿದು ಎಳೆದಂತೆ ನೇರವಾಗಿ.